ಗದ್ದದ ಹಿಂದಿನ ಉಸಿರುದಾರಿ

ಬೇಸಿಗೆಯ ರಾತ್ರಿ ಬಸವನ ಬಾಗೇವಾಡಿಯ ಹಳೆಯ ಓಣಿಗಳಲ್ಲಿ ಮನೆಯೊಳಗೆ ಮಲಗುವವರು ಕಡಿಮೆ. ಹಗಲೆಲ್ಲ ನಲವತ್ತು ಡಿಗ್ರಿಯ ಬಿಸಿಲು ಕುಡಿದ ಮಣ್ಣಿನ ಮಾಳಿಗೆ ಹತ್ತು ಗಂಟೆಯ ಮೇಲೆ ತಣಿಯತೊಡಗುತ್ತದೆ. ಆಗ ಕೌದಿಯ ಸುರುಳಿ ಹೆಗಲಿಗೇರಿಸಿ, ತಂಬಿಗೆಯಲ್ಲಿ ನೀರು ಹಿಡಿದು ಒಬ್ಬೊಬ್ಬರೇ ಏಣಿ ಹತ್ತುತ್ತಾರೆ. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಮನೆಗಳು. ಈ ಮಾಳಿಗೆಯ ಮಾತು ಆ ಮಾಳಿಗೆಗೆ ಕೇಳುತ್ತದೆ. ಮಾತು ನಿಂತ ಮೇಲೆ ಗೊರಕೆ ಕೇಳುತ್ತದೆ. ಯಾವ ಗೊರಕೆ ಯಾರದೆಂದು ಓಣಿಗೆಲ್ಲ ಗೊತ್ತು. ‘ದುಡದು ಬಂದ ಮೈ, ಗಡದ್ದ ನಿದ್ದಿ ಹತ್ತೇತಿ’ ಎಂದು ಮೆಚ್ಚಿಕೆಯಿಂದಲೇ ಹೇಳುತ್ತಾರೆ.

ಆ ಗೊರಕೆಗಳಲ್ಲಿ ಒಂದು ಮಾತ್ರ ನಡುನಡುವೆ ಪಟಕ್ಕನೆ ನಿಲ್ಲುತ್ತದೆ. ಎದೆ ಏಳುತ್ತದೆ, ಹೊಟ್ಟೆ ಸೆಳೆಯುತ್ತದೆ, ಮೂಗಿನ ಹೊಳ್ಳೆಗೆ ಬೆರಳು ಹಿಡಿದರೆ ಗಾಳಿ ತಾಗುವುದಿಲ್ಲ. ಹತ್ತು ಎಣಿಸುವಷ್ಟು, ಕೆಲವೊಮ್ಮೆ ಮೂವತ್ತು ಎಣಿಸುವಷ್ಟು ಹೊತ್ತು ಹೀಗೇ ಕಳೆದು, ಮೈಯೆಲ್ಲ ಝಾಡಿಸಿ ಗೊಟಕ್ಕೆಂದು ಉಸಿರು ಒಳಗೆ ಬರುತ್ತದೆ. ಮಗ್ಗುಲು ಬದಲಾಗುತ್ತದೆ. ಮತ್ತೆ ಗೊರಕೆ. ಪೂರ್ತಿ ನಿಂತದ್ದು, ಅರೆಬರೆ ನಿಂತದ್ದು ಎರಡನ್ನೂ ವೈದ್ಯರು ಎಣಿಸುತ್ತಾರೆ. ಹತ್ತು ಸೆಕೆಂಡಿನ ಮೇಲಿನ ಇಂಥ ತಡೆ ದೊಡ್ಡವರಲ್ಲಿ ತಾಸಿಗೆ 5ರ ಒಳಗಿದ್ದರೆ ಚಿಂತೆಯಿಲ್ಲ. 30 ದಾಟಿದರೆ ತೀವ್ರ. ಮಕ್ಕಳಲ್ಲಿ ತಾಸಿಗೆ 1 ದಾಟಿದರೂ ಸುಮ್ಮನೆ ಬಿಡುವಂತಿಲ್ಲ.

ಇದೇ ಮಾಳಿಗೆಯಿಂದ ಮಕ್ಕಳು ಬೀಳುವುದೂ ಉಂಟು. ಎಷ್ಟೋ ಮನೆಗಳಲ್ಲಿ ಕುಂಬಿ ಮೊಣಕಾಲಿನ ಎತ್ತರಕ್ಕೂ ಬರುವುದಿಲ್ಲ. ಗಾಳಿಪಟದ ದಾರ ಜಗ್ಗುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟವನು, ಬೇವಿನ ಮರದಿಂದ ಜಾರಿದವಳು, ಓಡುವ ಟ್ರೇಲರಿನಿಂದ ಕಬ್ಬು ಹಿರಿಯಲು ಹೋದವನು. ಬಿದ್ದಾಗ ಗದ್ದ ಮೊದಲು ನೆಲಕ್ಕೆ ಬಡಿದರೆ ಗದ್ದದ ಕೆಳಗೆ ಚರ್ಮ ಹರಿಯುತ್ತದೆ, ರಕ್ತ ಸುರಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ, ಒಂದು ಧನುರ್ವಾಯು ತಡೆಯುವ ಇಂಜೆಕ್ಷನ್. ವಾರದಲ್ಲಿ ಗಾಯ ಮಾಯುತ್ತದೆ. ಆದರೆ ಗದ್ದಕ್ಕೆ ಬಿದ್ದ ಏಟು ಅಲ್ಲಿಗೇ ನಿಲ್ಲುವುದಿಲ್ಲ. ಅದು ಎಲುಬಿನಗುಂಟ ಹಿಂದಕ್ಕೆ ಸಾಗಿ ಕಿವಿಯ ಮುಂದಿರುವ ಸಣ್ಣ ಕೀಲಿಗೆ ತಾಗುತ್ತದೆ. ಅಲ್ಲಿ ಎಲುಬಿನ ತುದಿ ಒಡೆದು ಕೀಲಿನೊಳಗೆ ರಕ್ತ ನಿಂತರೆ, ಆ ರಕ್ತವೇ ಮುಂದೆ ಗಟ್ಟಿಯಾಗಿ ಎಲುಬಾಗಿ ಕೆಳದವಡೆಯನ್ನು ತಲೆಬುರುಡೆಗೆ ಬೆಸೆದುಬಿಡಬಹುದು. ಕಿವಿ ಸೋರುವ ಹಳೆಯ ಸೋಂಕಿನಿಂದಲೂ ಹೀಗಾಗುತ್ತದೆ.

ಇಂಥ ಮಕ್ಕಳ ಮನೆಯ ಕಥೆ ಬಹುತೇಕ ಒಂದೇ ಜಾಡಿನಲ್ಲಿ ನಡೆಯುತ್ತದೆ. ಮೊದಲು ಮಗು ಕಡಕ್ ರೊಟ್ಟಿ ಬೇಡವೆನ್ನುತ್ತದೆ. ತಾಯಿ ಬಿಸಿ ರೊಟ್ಟಿ ಕೊಡುತ್ತಾಳೆ. ಆಮೇಲೆ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ನೆನೆಹಾಕುತ್ತಾಳೆ. ಒಂದೆರಡು ವರ್ಷದಲ್ಲಿ ಬಾಯಿ ಒಂದು ಬೆರಳಿನಷ್ಟೂ ತೆರೆಯದಂತಾಗಿ, ಮುಂದಿನ ಹಲ್ಲು ಬಿದ್ದ ಸಂದಿಯಿಂದ ಚೂರು ಚೂರೇ ಒಳಗೆ ತಳ್ಳುವುದು ರೂಢಿಯಾಗುತ್ತದೆ. ಮುಖವೆಲ್ಲ ವಯಸ್ಸಿಗೆ ತಕ್ಕಂತೆ ಬೆಳೆಯುತ್ತದೆ, ಗದ್ದವೊಂದು ಬೆಳೆಯುವುದಿಲ್ಲ. ಏಕೆಂದರೆ ಕೆಳದವಡೆಯ ಬೆಳವಣಿಗೆಯ ಒಂದು ಮುಖ್ಯ ತಾಣ ಆ ಬೆಸೆದುಹೋದ ಕೀಲಿನ ತುದಿಯೇ. ತುಟಿಯ ಕೆಳಗೆ ಗದ್ದ ಇರಬೇಕಾದಲ್ಲಿ ಮುಖ ಇಳಿಜಾರಾಗಿ ಕೊರಳಿಗೆ ಸೇರುತ್ತದೆ. ವೈದ್ಯರ ಪುಸ್ತಕಗಳಲ್ಲಿ ಇದಕ್ಕೆ ಹಕ್ಕಿಯ ಮುಖವೆಂದು ಹೆಸರು. ಊರಿನವರು ಅದಕ್ಕಿಂತ ಕಟುವಾದ ಹೆಸರುಗಳನ್ನು ಇಟ್ಟಿರುತ್ತಾರೆ. ಅವನ್ನು ಇಲ್ಲಿ ಬರೆಯಲಾರೆ.

ಮುದ್ದೇಬಿಹಾಳದ ಕಡೆಯಿಂದಲೋ ಸಿಂದಗಿಯ ಕಡೆಯಿಂದಲೋ ಇಂಥ ಹುಡುಗಿಯನ್ನು ಕರೆದುಕೊಂಡು ತಂದೆತಾಯಿ ವಿಜಯಪುರಕ್ಕೆ ಬರುವ ಹೊತ್ತಿಗೆ ಅವಳಿಗೆ ಹದಿನಾಲ್ಕೋ ಹದಿನೈದೋ ಆಗಿರುತ್ತದೆ. ಅವರ ಬಾಯಲ್ಲಿ ಇರುವುದು ಎರಡೇ ಮಾತು.

‘ಬಾಯಿ ಬಿಡಾಕ ಆಗಂಗಿಲ್ರಿ ಡಾಕ್ಟರ್ರ. ನಾಳಿ ಕನ್ಯಾ ನೋಡಾಕ ಬಂದ್ರ ಏನ್ ಹೇಳೂನ್ರಿ?’

‘ರಾತ್ರಿ ಹೆಂಗ ಮಲಗ್ತಾಳವ್ವ?’

‘ಗ್ವಾಡಿಗಿ ಒರಗಿ ಕುಂತ ಮಲಗ್ತಾಳ್ರಿ. ಮೊದಲಿಂದ ಹಂಗ ರೂಢಿ.’

ತಿರುಗಿ ಕೇಳದೆ ಇದ್ದರೆ ಈ ಮೂರನೆಯ ಮಾತು ಹೊರಗೇ ಬರುತ್ತಿರಲಿಲ್ಲ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ಮಗು ತಾನೇ ಕಂಡುಕೊಂಡ ಉಪಾಯ ಅದು. ಶಾಲೆಯಲ್ಲಿ ತೂಕಡಿಸುತ್ತಾಳೆ, ಬೆಳಿಗ್ಗೆ ತಲೆನೋವು ಎನ್ನುತ್ತಾಳೆ, ವಯಸ್ಸಿಗೆ ತಕ್ಕ ತೂಕವಿಲ್ಲ. ಮನೆಯವರು ಇವನ್ನೆಲ್ಲ ಬೇರೆ ಬೇರೆ ಲೆಕ್ಕಕ್ಕೆ ಹಚ್ಚಿರುತ್ತಾರೆ: ತೂಕಡಿಕೆ ಸೋಮಾರಿತನಕ್ಕೆ, ತಲೆನೋವು ಬಿಸಿಲಿಗೆ, ಸಣಕಲುತನ ಊಟ ಸೇರದ್ದಕ್ಕೆ. ಆದರೆ ಎಲ್ಲದರ ಬೇರೂ ಆ ಬೆಳೆಯದ ಗದ್ದದ ಹಿಂದೆ ಇದೆ.

ಹೇಗೆಂದರೆ, ಇಂಡಿ ತಾಲ್ಲೂಕಿನ ನಿಂಬೆ ತೋಟದ ರೈತ ಬಾವಿಗೆ ಮೋಟಾರು ಕೂಡಿಸುವಾಗ ನೀರು ಎಳೆಯುವ ಕಡೆಗೆ ಉಂಗುರ ಉಂಗುರದ ಬಿರುಸು ಸಕ್ಷನ್ ಪೈಪನ್ನೇ ಹಾಕುತ್ತಾನೆ. ಅಲ್ಲಿ ಮೆತ್ತನೆಯ ಪೈಪು ಹಾಕಿದರೆ ಮೋಟಾರು ಜಗ್ಗಿದ ಕೂಡಲೇ ಅದು ಚಪ್ಪಟೆಯಾಗಿ ಅಂಟಿಕೊಂಡು ನೀರು ನಿಲ್ಲುತ್ತದೆ. ನಮ್ಮ ಶ್ವಾಸನಾಳಕ್ಕೂ ಮೃದ್ವಸ್ಥಿಯ ಉಂಗುರಗಳಿವೆ. ಆದರೆ ಅದಕ್ಕಿಂತ ಮೇಲೆ, ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿಗೆ ಉಂಗುರಗಳಿಲ್ಲ. ಅದು ಬರೀ ಸ್ನಾಯುವಿನ ಮೆತ್ತನೆಯ ಕೊಳವೆ. ನುಂಗಲು, ಮಾತಾಡಲು ಅದು ಮೆತ್ತಗಿರಲೇಬೇಕು. ಹಾಗಾದರೆ ಉಸಿರು ಎಳೆದಾಗ ಅದನ್ನು ತೆರೆದಿಡುವುದು ಯಾವುದು? ಎಚ್ಚರದಲ್ಲಿ ಸ್ನಾಯುಗಳ ಬಿಗಿ. ನಿದ್ದೆಯಲ್ಲಿ ಆ ಬಿಗಿ ಸಡಿಲವಾದಾಗ, ಎಲುಬುಗಳ ಚೌಕಟ್ಟು.

ನಾಲಿಗೆಯ ದೊಡ್ಡ ಸ್ನಾಯು ಕೆಳದವಡೆಯ ಒಳಮೈಯಲ್ಲಿ, ಗದ್ದದ ನಡುವಿನ ಸಣ್ಣ ಎಲುಬಿನ ಮೊಳೆಗಳಿಗೆ ಅಂಟಿಕೊಂಡಿದೆ. ಕೊರಳಿನಲ್ಲಿ ಯಾವ ಎಲುಬಿಗೂ ಕೀಲು ಕೂಡದೆ ತೂಗಾಡುವ ಕಮಾನಿನಾಕಾರದ ಹಯಾಯ್ಡ್ ಎಲುಬೂ ಸ್ನಾಯುಗಳ ಮೂಲಕ ಗದ್ದಕ್ಕೇ ಕಟ್ಟಿಕೊಂಡಿದೆ. ಕಿರುನಾಲಿಗೆ ಇಳಿಬಿದ್ದ ಮೆದು ಅಂಗುಳ ಮೇಲ್ದವಡೆಯ ಹಿಂಬದಿಗೆ ಅಂಟಿದೆ. ಹೀಗಾಗಿ ಕೆಳದವಡೆ ಮುಂದೆ ಬಂದರೆ ನಾಲಿಗೆಯೂ ಹಯಾಯ್ಡೂ ಮುಂದೆ ಬರುತ್ತವೆ, ಗಂಟಲು ಅಗಲವಾಗುತ್ತದೆ. ಮೇಲ್ದವಡೆ ಮುಂದೆ ಬಂದರೆ ಅಂಗುಳ ಎಳೆದುಕೊಂಡು ಮೂಗಿನ ಹಿಂದಿನ ದಾರಿ ಅಗಲವಾಗುತ್ತದೆ. ಹಿಂದೆ ಹೋದರೆ ಎಲ್ಲವೂ ತಿರುಗುಮುರುಗು. ಗಾಳಿಯ ಲೆಕ್ಕವೂ ನಿರ್ದಯವಾದದ್ದು: ನೆಟ್ಟನೆಯ ಕೊಳವೆಯೊಂದರ ಅಗಲ ಅರ್ಧಕ್ಕೆ ಇಳಿದರೆ, ಸಮನಾಗಿ ಹರಿಯುವ ಗಾಳಿಗೆ ಎದುರಾಗುವ ತಡೆ 16 ಪಟ್ಟು ಏರುತ್ತದೆ. ಗಂಟಲು ನೆಟ್ಟನೆಯ ಕೊಳವೆಯಲ್ಲ, ನಿಜ. ಆದರೂ ಮಿಲಿಮೀಟರಿನ ಬೆಲೆ ಎಷ್ಟೆಂದು ಇದರಿಂದ ತಿಳಿಯುತ್ತದೆ.

ಆ ಮಿಲಿಮೀಟರು ಕಣ್ಣಿಗೆ ಕಾಣುವುದು ಎಕ್ಸ್‌ರೇಯಲ್ಲಿ. ವಿಜಯಪುರದ ಅಲ್-ಅಮೀನ್ ದಂತ ಕಾಲೇಜಾಗಲಿ, ಬಾಗಲಕೋಟೆ, ಧಾರವಾಡ, ಬೆಳಗಾವಿ, ಕಲಬುರಗಿಯ ದಂತ ಕಾಲೇಜುಗಳಾಗಲಿ, ದವಡೆಯ ರೋಗಿಗೆ ಮೊದಲು ತೆಗೆಸುವ ಚಿತ್ರಗಳಲ್ಲಿ ತಲೆಯ ಪಕ್ಕನೋಟವೂ ಒಂದು. ಫಿಲ್ಮನ್ನು ಬೆಳಕಿಗೆ ಹಿಡಿದರೆ ಎಲುಬು ಬೆಳ್ಳಗೆ, ಮಾಂಸ ಬೂದಾಗಿ, ಗಾಳಿ ಕಪ್ಪಾಗಿ ಕಾಣುತ್ತದೆ. ನಾಲಿಗೆಯ ಬುಡಕ್ಕೂ ಬೆನ್ನೆಲುಬಿನ ಮಣಿಗಳಿಗೂ ನಡುವೆ ಮೇಲಿಂದ ಕೆಳಗೆ ಇಳಿಯುವ ಆ ಕರಿಯ ಪಟ್ಟಿಯೇ ಉಸಿರುದಾರಿ. ಆರೋಗ್ಯವಂತ ವಯಸ್ಕರಲ್ಲಿ ನಾಲಿಗೆಯ ಬುಡದ ಹಿಂದೆ ಅದು ಸುಮಾರು 10–11 ಮಿಲಿಮೀಟರು ಇರುತ್ತದೆ. ಬೆಸೆದ ದವಡೆಯ ಹುಡುಗಿಯ ಚಿತ್ರದಲ್ಲಿ ಆ ಪಟ್ಟಿ ಒಂದು ಕಡೆ ಪೆನ್ಸಿಲ್ಲಿನಿಂದ ಎಳೆದ ಗೆರೆಯಷ್ಟೇ ಉಳಿದಿರುವುದನ್ನು ತಂದೆಗೆ ತೋರಿಸಿದರೆ ಸಾಕು, ಲಗ್ನದ ಮಾತು ಆಮೇಲಕ್ಕೆ ಹೋಗುತ್ತದೆ. ಆದರೆ ಈ ಚಿತ್ರ ಎದ್ದು ಕುಳಿತವರದು, ಎಚ್ಚರವಿದ್ದವರದು. ಮಲಗಿದಾಗ ಏನಾಗುತ್ತದೆಂದು ತಿಳಿಯಲು ಮೂಗಿಗೆ, ಎದೆಗೆ, ಬೆರಳಿಗೆ ತಂತಿ ಹಚ್ಚಿ ರಾತ್ರಿಯಿಡೀ ದಾಖಲಿಸುವ ನಿದ್ರಾ ಪರೀಕ್ಷೆಯೇ ಬೇಕು.

ಆಪರೇಶನ್ ಟೇಬಲ್ಲಿನ ಮೇಲೆ ಇಂಥ ಮಗುವಿನ ಜೀವ ಮೊದಲು ಅರಿವಳಿಕೆ ವೈದ್ಯರ ಕೈಯಲ್ಲಿರುತ್ತದೆ. ಬೇರೆ ರೋಗಿಯಾದರೆ ಮೊದಲು ನಿದ್ದೆ ಬರಿಸಿ, ಆಮೇಲೆ ಬಾಯಿ ತೆರೆದು ಉಸಿರಿನ ಕೊಳವೆ ಹಾಕುತ್ತಾರೆ. ಇಲ್ಲಿ ಬಾಯಿ ತೆರೆಯುವುದಿಲ್ಲ. ನಿದ್ದೆ ಬರಿಸಿದರೆ ಇರುವ ಕಿರಿದಾರಿಯೂ ಮುಚ್ಚಬಹುದು. ಆದ್ದರಿಂದ ತಿಳಿವಳಿಕೆಯಿರುವ ವಯಸ್ಸಿನ ಮಗುವಾದರೆ ಎಚ್ಚರವಿದ್ದಾಗಲೇ, ತೀರ ಚಿಕ್ಕ ಮಗುವಾದರೆ ಉಸಿರಾಟ ನಿಲ್ಲದಷ್ಟು ಮಂಪರಿನಲ್ಲಿ, ಮೂಗು ಗಂಟಲಿಗೆ ಮರಗಟ್ಟುವ ಔಷಧಿ ಹನಿಸಿ ಹುಲ್ಲುಕಡ್ಡಿಯಂಥ ಬಾಗುವ ದರ್ಶಕವನ್ನು ಮೂಗಿನ ಹೊಳ್ಳೆಯಿಂದ ಒಳಗೆ ಬಿಡುತ್ತಾರೆ. ‘ಉಸಿರ ಎಳಿ ತಂಗಿ, ಇನ್ನೊಮ್ಮಿ ಎಳಿ.’ ಪ್ರತಿ ಎಳೆತಕ್ಕೆ ತೆರೆ ಮೇಲೆ ಕೆಂಪು ಗೋಡೆಗಳು ಒಂದಿಷ್ಟು ದೂರ ಸರಿಯುತ್ತವೆ. ಆ ಸಂದಿನಲ್ಲಿ ವೈದ್ಯರು ಒಂದೊಂದೇ ಸೆಂಟಿಮೀಟರು ಮುಂದೆ ಹೋಗುತ್ತಾರೆ. ಬಿಳಿಯ ಎರಡು ಧ್ವನಿತಂತುಗಳ ಬಾಗಿಲು ಕಂಡು, ದರ್ಶಕ ಅದನ್ನು ದಾಟಿ, ಅದರ ಮೇಲೆ ಪೋಣಿಸಿದ್ದ ಕೊಳವೆ ಜಾರಿ ಒಳಗೆ ಕುಳಿತ ಮೇಲೆಯೇ ಮಗುವಿಗೆ ನಿದ್ದೆ. ಶಸ್ತ್ರವೈದ್ಯರ ಹೆಸರನ್ನು ಊರು ನೆನಪಿಡುತ್ತದೆ, ಈ ಕೆಲಸ ಮಾಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಕೇಳಬೇಕು ಎಂದು ನನ್ನ ಅನಿಸಿಕೆ.

ಶಸ್ತ್ರಚಿಕಿತ್ಸೆಯಲ್ಲಿ ಎರಡು ಕೆಲಸ: ಬೆಸೆದ ಕೀಲನ್ನು ಬಿಡಿಸುವುದು, ಬೆಳೆಯದ ಎಲುಬನ್ನು ಬೆಳೆಸುವುದು. ಕೀಲು ಬಿಡಿಸಿದ ಜಾಗಕ್ಕೆ ಕೆಲವೊಮ್ಮೆ ಮಗುವಿನದೇ ಪಕ್ಕೆಲುಬಿನ ತುದಿಯನ್ನು ಮೃದ್ವಸ್ಥಿಯ ಸಮೇತ ತಂದು ಕೂಡಿಸುತ್ತಾರೆ. ಅದು ಮುಂದೆ ಮಗುವಿನ ಜೊತೆ ಬೆಳೆಯಲಿ ಎಂಬ ಆಸೆಯಿಂದ. ಎಲುಬನ್ನು ಉದ್ದ ಮಾಡುವ ವಿದ್ಯೆ ಬಂದದ್ದು ಸೈಬೀರಿಯಾದಿಂದ. ಅಲ್ಲಿನ ಕುರ್ಗಾನ್ ಊರಿನಲ್ಲಿ ಗಾವ್ರಿಲ್ ಇಲಿಝಾರೊವ್ ಎಂಬ ವೈದ್ಯರು ಕಾಲಿನ ಎಲುಬನ್ನು ಕತ್ತರಿಸಿ, ಎರಡು ತುದಿಗಳನ್ನು ದಿನಕ್ಕೆ 1 ಮಿಲಿಮೀಟರಿನಂತೆ ದೂರ ಸರಿಸಿದರೆ ನಡುವೆ ಹೊಸ ಎಲುಬು ಹುಟ್ಟುತ್ತದೆಂದು ತೋರಿಸಿದರು. 1992ರಲ್ಲಿ ಅಮೆರಿಕದ ಜೋಸೆಫ್ ಮೆಕಾರ್ಥಿ ಮತ್ತು ಸಂಗಡಿಗರು ಅದನ್ನು ಮಕ್ಕಳ ಕೆಳದವಡೆಗೆ ಅನ್ವಯಿಸಿದ ವರದಿ ಪ್ರಕಟಿಸಿದರು. ದವಡೆ ಕತ್ತರಿಸಿ, ಸಣ್ಣ ತಿರುಪಿನ ಸಾಧನ ಕೂಡಿಸಿ, ಐದಾರು ದಿನ ಬಿಟ್ಟು ತಿರುವತೊಡಗುತ್ತಾರೆ: ಬೆಳಿಗ್ಗೆ ಅರ್ಧ ಮಿಲಿಮೀಟರು, ಸಂಜೆ ಅರ್ಧ. ಎಷ್ಟೋ ಸಲ ಆ ತಿರುಪನ್ನು ತಿರುವುವವಳು ತಾಯಿಯೇ. ನರ್ಸ್ ಎರಡು ಸಲ ತೋರಿಸಿಕೊಟ್ಟರೆ ಮೂರನೆಯ ಸಲ ಕೈ ನಡುಗುವುದಿಲ್ಲ. ಮಗುವಿನ ಗದ್ದ ದಿನದಿನಕ್ಕೆ ಮುಂದೆ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ತಿಳಿಯುತ್ತದೆ: ರಾತ್ರಿಯ ಗೊರಕೆ ಇಳಿಯುತ್ತದೆ.

ಮೊದಲು ಯಾವುದು, ಕೀಲೋ ಎಲುಬೋ? ಉಸಿರಿನ ತೊಂದರೆ ಜೋರಿರುವ ಮಕ್ಕಳಲ್ಲಿ ಎಲುಬನ್ನು ಮೊದಲು ಉದ್ದ ಮಾಡಿ ಆಮೇಲೆ ಕೀಲು ಬಿಡಿಸುವುದೇ ಸರಿ ಎನ್ನುವ ಶಸ್ತ್ರವೈದ್ಯರು ಇಂದು ಅನೇಕರಿದ್ದಾರೆ. ಕೀಲನ್ನಷ್ಟೇ ಬಿಡಿಸಿ ಬಾಯಿ ತೆರೆಸಿದರೆ, ಆಧಾರ ತಪ್ಪಿದ ದವಡೆ ಇನ್ನಷ್ಟು ಹಿಂದೆ ಸರಿದು ಗಂಟಲು ಇನ್ನೂ ಬಿಗಿಯಬಹುದು. ಬಾಯಿ ತೆರೆದದ್ದಕ್ಕೆ ಮನೆಯವರು ಸಂತೋಷಪಡುವಾಗ ಮಗು ರಾತ್ರಿ ಮೊದಲಿಗಿಂತ ಹೆಚ್ಚು ಕಷ್ಟಪಡುವ ಪ್ರಸಂಗ ಬರಬಾರದು.

ಈಗ ತಿರುಗುಮುರುಗಾದ ಮುಖ. ಕೆಳದವಡೆ ಚಿಕ್ಕದಾಗುವ ಬದಲು ಉದ್ದ ಬೆಳೆದು, ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬಂದವರು. ಇಂಥ ತರುಣ ತರುಣಿಯರು ದಂತವೈದ್ಯರಲ್ಲಿಗೆ ಬರುವುದು ಹೆಚ್ಚಾಗಿ ಲಗ್ನದ ಮೊದಲು. ಬೆಳವಣಿಗೆ ನಿಂತ ಮೇಲೆ, ಒಂದು ಒಂದೂವರೆ ವರ್ಷ ಹಲ್ಲಿಗೆ ತಂತಿ ಕಟ್ಟಿ ಸಾಲು ಕೂಡಿಸಿ, ಆಮೇಲೆ ಶಸ್ತ್ರಚಿಕಿತ್ಸೆ. ಕೆಳದವಡೆಯನ್ನು ಕತ್ತರಿಸಿ ಸರಿಪಡಿಸುವ ಯತ್ನ ಹಳೆಯದು. ಅಮೆರಿಕದ ವೀಲಿಂಗ್ ಎಂಬಲ್ಲಿ ಸೈಮನ್ ಹಲ್ಲಿಹೆನ್ 1849ರಲ್ಲೇ ಮಾಡಿದ್ದ. ಆದರೆ ಬಾಯೊಳಗಿಂದಲೇ ದವಡೆಯ ಎರಡೂ ಬದಿಯನ್ನು ಹಲಗೆಯಂತೆ ಸೀಳಿ, ಮುಂದೆಯೋ ಹಿಂದೆಯೋ ಜಾರಿಸಿ ಕೂಡಿಸುವ ಇಂದಿನ ವಿಧಾನಕ್ಕೆ ಹ್ಯೂಗೊ ಓಬ್‌ವೆಗೆಸರ್ ಮತ್ತು ರಿಚರ್ಡ್ ಟ್ರೌನರ್ 1957ರಲ್ಲಿ ಪ್ರಕಟಿಸಿದ ಬರಹವೇ ಬುನಾದಿ. ಮುಖದ ಮೇಲೆ ಗೆರೆ ಬೀಳುವುದಿಲ್ಲ. ಟೈಟೇನಿಯಂ ಪಟ್ಟಿ, ಸಣ್ಣ ಸ್ಕ್ರೂಗಳಲ್ಲಿ ಎಲುಬು ಕೂಡಿಕೊಳ್ಳುತ್ತದೆ. ಕನ್ನಡಿಯಲ್ಲಿ ಕಾಣುವುದು ಹೊಸ ಮುಖ.

ಆದರೆ ದವಡೆ ಹಿಂದೆ ಸರಿದಾಗ ನಾಲಿಗೆಯೂ ಹಿಂದೆ ಸರಿಯಿತು. ನಾಲಿಗೆ ಚಿಕ್ಕದಾಗಲಿಲ್ಲ, ಅದರ ಕೋಣೆ ಚಿಕ್ಕದಾಯಿತು. ಕೆಳದವಡೆಯನ್ನು ಹಿಂದೆ ತಳ್ಳಿದ ಮೇಲೆ ನಾಲಿಗೆಯ ಹಿಂದಿನ ದಾರಿ ಕಿರಿದಾಗುವುದು, ಹಯಾಯ್ಡ್ ಎಲುಬು ಕೆಳಗೂ ಹಿಂದಕ್ಕೂ ಇಳಿಯುವುದು ಮತ್ತೆ ಮತ್ತೆ ಅಳೆದು ಕಂಡ ಸಂಗತಿ. ಸಪೂರ ಮೈಯ ಇಪ್ಪತ್ತರ ಯುವಕನ ಗಂಟಲು ಬಹುತೇಕ ಇದನ್ನು ತಾಳಿಕೊಳ್ಳುತ್ತದೆ, ನಿದ್ದೆಗೆ ಧಕ್ಕೆ ಬರುವುದಿಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರಬಾರದು ಎನ್ನುವುದು ನನ್ನ ಖಚಿತ ನಿಲುವು. ಇಪ್ಪತ್ತರಲ್ಲಿ ಸಪೂರ ಇದ್ದವನ ಕೊರಳು ನಲವತ್ತೈದರಲ್ಲಿ ದಪ್ಪಗಾಗಿರುತ್ತದೆ. ಆಗ ಕಳೆದುಕೊಂಡ ಮಿಲಿಮೀಟರುಗಳ ಬಾಕಿ ತೀರಿಸಬೇಕಾಗುತ್ತದೆ. ಅದಕ್ಕೇ ಇಂದು ತಿಳಿದ ವೈದ್ಯರು ಎಲ್ಲ ಭಾರವನ್ನೂ ಕೆಳದವಡೆಯ ಮೇಲೆ ಹಾಕುವುದಿಲ್ಲ. ಮೇಲ್ದವಡೆ ಹಿಂದುಳಿದಿದ್ದರೆ ಅದನ್ನು ಒಂದಿಷ್ಟು ಮುಂದೆ ತಂದು, ಕೆಳಗಿನದನ್ನು ಸ್ವಲ್ಪವೇ ಹಿಂದೆ ಸರಿಸುತ್ತಾರೆ. ಮುಖಕ್ಕೂ ಒಪ್ಪುತ್ತದೆ, ಉಸಿರಿಗೂ ಹಾನಿ ಕಡಿಮೆ. ದವಡೆ ಹಿಂದೆ ತಳ್ಳಿಸಿಕೊಳ್ಳಲು ಹೊರಟವರು, ಅದರಲ್ಲೂ ಗೊರಕೆಯಿರುವವರು, ಮೈ ತುಂಬಿದವರು, ‘ನನ್ನ ಉಸಿರಿನ ದಾರಿ ಎಷ್ಟ ಅದ, ಆಮೇಲೆ ಎಷ್ಟ ಉಳಿತದ?’ ಎಂದು ಮೊದಲೇ ಕೇಳಬೇಕು. ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಮೇಲ್ದವಡೆಯ ಕತ್ತರಿ ಗೆರೆಗೆ ಫ್ರಾನ್ಸಿನ ರೆನೆ ಲೆ ಫೋರ್‌ನ ಹೆಸರಿದೆ. 1901ರಲ್ಲಿ ಆತ ಶವಗಳ ತಲೆಗೆ ಏಟು ಕೊಟ್ಟು, ಮುಖದ ಎಲುಬು ಯಾವ ಯಾವ ಗೆರೆಯಲ್ಲಿ ಬಿರಿಯುತ್ತದೆಂದು ದಾಖಲಿಸಿದ್ದ. ಅದೇ ಮೊದಲ ಗೆರೆಯಗುಂಟ ಇಂದು ಮೇಲ್ದವಡೆಯನ್ನು ಬಿಡಿಸುತ್ತಾರೆ. ನಮ್ಮ ಕಡೆ ಈ ಶಸ್ತ್ರಚಿಕಿತ್ಸೆ ಹೆಚ್ಚು ಬೇಕಾಗುವವರಲ್ಲಿ ಸೀಳುತುಟಿ, ಸೀಳು ಅಂಗುಳದ ಮಕ್ಕಳೂ ಸೇರಿದ್ದಾರೆ. ಗ್ರಹಣದ ದೋಷವೆಂದು ಅಜ್ಜಿಯರು ನಂಬಿ ತಾಯಿಯನ್ನು ಸುಮ್ಮನೆ ಹಳಿದರೂ, ಆ ಸೀಳಿಗೂ ಗ್ರಹಣಕ್ಕೂ ಸಂಬಂಧವಿಲ್ಲ. ಕೂಸಿದ್ದಾಗ ತುಟಿ, ಅಂಗುಳ ಹೊಲಿದ ಮೇಲೆ ಆ ಗಾಯದ ಕಲೆಯ ಬಿಗಿಗೆ ಕೆಲವರ ಮೇಲ್ದವಡೆ ಮುಂದೆ ಬೆಳೆಯುವುದಿಲ್ಲ. ಮೂಗಿನ ಹಿಂದಿನ ದಾರಿಯೂ ಕಿರಿದಾಗಿ ಮಗು ಬಾಯಲ್ಲೇ ಉಸಿರಾಡುತ್ತದೆ. ಧಾರವಾಡದ ಎಸ್‌ಡಿಎಂ ದಂತ ವಿಜ್ಞಾನ ಕಾಲೇಜಿನ ಕ್ರೇನಿಯೊಫೇಶಿಯಲ್ ವಿಭಾಗದಂಥ ಕಡೆ ಇಂಥ ಮಕ್ಕಳನ್ನು ಕೂಸಿನಿಂದ ಪ್ರಾಯದವರೆಗೆ ಬೆನ್ನುಹತ್ತಿ ನೋಡುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು. ಮೇಲ್ದವಡೆ ಮುಂದೆ ಬಂದಾಗ ಉಸಿರು ಸರಾಗವಾಗುತ್ತದೆ, ಆದರೆ ಹೊಲಿದ ಅಂಗುಳ ಗಂಟಲಿನ ಹಿಂಗೋಡೆಗೆ ಮುಟ್ಟದೆ ಮಾತು ಇನ್ನಷ್ಟು ಮೂಗಿನಲ್ಲಿ ಬರಬಹುದು. ಉಸಿರು ಗೆದ್ದರೆ ಮಾತು ಸೋಲಬಾರದು. ಮಾತಿನ ತರಬೇತುದಾರರನ್ನು ಮೊದಲೇ ಕೂಡಿಸಿಕೊಂಡು ನಡೆಯಬೇಕಾದ ಕೆಲಸವಿದು.

ಎಳವೆಯಲ್ಲೇ ಕಂಡುಹಿಡಿಯುವುದಕ್ಕೆ ಒಂದು ದಾರಿ ಊರಿನಲ್ಲೇ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದಾಗಿನಿಂದ ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಹದಿನೆಂಟರವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಸೀಳುತುಟಿ ಅವರ ಪಟ್ಟಿಯಲ್ಲಿದೆ. ಬಾಯಿ ಎಷ್ಟು ತೆರೆಯುತ್ತದೆಂದು ನೋಡಲು ಉಪಕರಣವೂ ಬೇಡ: ಮಗುವಿನದೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಸಬೇಕು. ಗದ್ದಕ್ಕೆ ಪೆಟ್ಟಾದ ಮಗುವಿಗೆ ತಾಯಿ ವಾರಕ್ಕೊಮ್ಮೆ ಇದನ್ನು ಮಾಡಿ ನೋಡಿ, ಬಾಯಿ ಕಿರಿದಾಗುತ್ತ ಬಂದರೆ ಕೂಡಲೇ ಬಸ್ಸು ಹತ್ತಿದರೆ ಮುಂದಿನ ಎಷ್ಟೋ ಕಷ್ಟ ತಪ್ಪುತ್ತದೆ.

ದೊಡ್ಡವರ ನಿದ್ರಾ ಉಸಿರುಗಟ್ಟಿಗೆ ಮೊದಲ ಮದ್ದು ಶಸ್ತ್ರವಲ್ಲ. ತೂಕ ಇಳಿಸುವುದು, ಮತ್ತೆ ಸಿಪ್ಯಾಪ್ ಯಂತ್ರ: ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ವರದಿ ಮಾಡಿದ, ಮುಖವಾಡದಿಂದ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸಾಧನ. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಹಾಕಿಕೊಂಡರೆ ಮತ್ತು ಕರೆಂಟು ಇದ್ದರೆ. ನಡುರಾತ್ರಿ ಕರೆಂಟು ಹೋಗುವ ಹಳ್ಳಿಯಲ್ಲಿ, ಮಾಳಿಗೆಯ ಮೇಲೆ ಮಲಗುವ ಮನುಷ್ಯನಿಗೆ ಅದನ್ನು ಬರೆದುಕೊಡುವಾಗ ಈ ಎರಡನ್ನೂ ಕೇಳಬೇಕು. ಯಂತ್ರ ಒಗ್ಗದವರಿಗೆ, ದವಡೆಯೇ ಹಿಂದುಳಿದವರಿಗೆ, ಎರಡೂ ದವಡೆಗಳನ್ನು 10 ಮಿಲಿಮೀಟರಿನಷ್ಟು ಮುಂದೆ ತರುವ ಶಸ್ತ್ರಚಿಕಿತ್ಸೆ ಇದೆ. 1980ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ರೈಲಿ, ನೆಲ್ಸನ್ ಪೊವೆಲ್ ಅದನ್ನು ಬೆಳೆಸಿದರು. ಹಲವು ದೇಶಗಳ ವರದಿಗಳನ್ನು ಕೂಡಿಸಿ ನೋಡಿದಾಗ ನೂರಕ್ಕೆ ಸುಮಾರು 85 ಜನರಲ್ಲಿ ಅದು ಫಲ ಕೊಟ್ಟಿದೆ. ಪೂರ್ತಿ ವಾಸಿಯಾದವರು ಅದರ ಅರ್ಧದಷ್ಟು. ಕಬ್ಬಿನ ಹಂಗಾಮಿನಲ್ಲಿ ಇಂಡಿ, ಸಿಂದಗಿಯ ರಸ್ತೆಗಳ ಮೇಲೆ ರಾತ್ರಿಯಿಡೀ ಎರಡೆರಡು ಟ್ರೇಲರು ಕಟ್ಟಿಕೊಂಡು ಟ್ರ್ಯಾಕ್ಟರು ಸಾಗುವುದನ್ನು ಕಂಡವರಿಗೆ, ಉಸಿರುಗಟ್ಟಿನಿಂದ ನಿದ್ದೆ ಕೆಟ್ಟು ಸ್ಟಿಯರಿಂಗ್ ಹಿಡಿದವನ ತೂಕಡಿಕೆ ಅವನೊಬ್ಬನ ವಿಷಯವಲ್ಲವೆಂದು ಬಿಡಿಸಿ ಹೇಳಬೇಕಿಲ್ಲ.

ಯಾವ ದವಡೆಯ ಶಸ್ತ್ರಚಿಕಿತ್ಸೆಯೇ ಇರಲಿ, ಮೊದಲ ಎರಡು ಮೂರು ದಿನ ಬಾವು ಏರುತ್ತದೆ. ಅಗಲ ಮಾಡಿದ ದಾರಿಯೂ ಆ ದಿನಗಳಲ್ಲಿ ಬಾವಿನಿಂದ ಕಿರಿದಾಗಬಹುದು. ತಲೆದೆಸೆ ಎತ್ತರಿಸಿದ ಹಾಸಿಗೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರೆ ತಲೆಯ ಹತ್ತಿರವೇ ತಂತಿ ಕತ್ತರಿ. ವಾಂತಿಯಾಗಿ ಉಸಿರು ಕಟ್ಟಿದರೆ ಕತ್ತರಿಸಿಬಿಡಲು ಅದು ಬೇಕು. ಪಕ್ಕದಲ್ಲಿ ಕುಳಿತ ಅಣ್ಣನಿಗೂ ಎಲ್ಲಿ ಕತ್ತರಿಸಬೇಕೆಂದು ತೋರಿಸಿರುತ್ತಾರೆ. ಆಮೇಲೆ ವಾರಗಟ್ಟಲೆ ಅಂಬಲಿ, ಗಂಜಿ, ಬೇಳೆಕಟ್ಟು, ಹಾಲು. ರೊಟ್ಟಿಯಿಲ್ಲದ ಊಟ ಊಟವೇ ಅಲ್ಲ ಎನ್ನುವ ಸೀಮೆಯಲ್ಲಿ ಇದು ಸಣ್ಣ ವ್ರತವಲ್ಲ. ಕೆಳತುಟಿ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ. ಕೆಲವರಿಗೆ ಅದು ಪೂರ್ತಿ ಬಿಡುವುದೂ ಇಲ್ಲ.

ಕೀಲು ಬಿಡಿಸಿಕೊಂಡ ಮಗುವಿಗೆ ನಿಜವಾದ ದುಡಿಮೆ ಶುರುವಾಗುವುದು ಮನೆಗೆ ಬಂದ ಮೇಲೆ. ಐಸ್‌ಕ್ರೀಮಿನ ಕಟ್ಟಿಗೆ ಚಮಚಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತೂರಿಸಿ, ದಿನಕ್ಕೆ ಹಲವು ಸಲ, ಅಳು ಬಂದರೂ ಬಾಯಿ ತೆರೆಸಬೇಕು. ವಾರ ಕಳೆದಂತೆ ಚಮಚಗಳ ಸಂಖ್ಯೆ ಏರಬೇಕು. ಆರು ತಿಂಗಳು, ವರ್ಷದವರೆಗೂ ಇದು ನಡೆಯಬೇಕು. ಸುಗ್ಗಿ ಬಂದು ಮನೆಯವರೆಲ್ಲ ಜೋಳದ ಹೊಲಕ್ಕೆ ಹೋದಾಗ, ಮಗುವಿನ ನೋವು ನೋಡಲಾರದೆ ಅಜ್ಜಿ ‘ಇವತ್ತ ಬಿಡ ನನ್ನವ್ವ’ ಎಂದಾಗ, ವ್ಯಾಯಾಮ ತಪ್ಪುತ್ತದೆ. ತಪ್ಪಿದ ಕಡೆ ಎಲುಬು ಮತ್ತೆ ಬೆಸೆಯತೊಡಗುತ್ತದೆ. ಎರಡನೆಯ ಆಪರೇಶನ್ ಮೊದಲಿನದಕ್ಕಿಂತ ಕಠಿಣ. ಆದ್ದರಿಂದ ಬಿಡುಗಡೆಯ ಚೀಟಿಯ ಮೇಲೆ ಔಷಧಿಯ ಹೆಸರಿನ ಜೊತೆ ಎರಡು ವಿಷಯ ದೊಡ್ಡ ಅಕ್ಷರದಲ್ಲಿ ಇರಬೇಕು: ಚಮಚಗಳ ಲೆಕ್ಕ, ಮತ್ತು ಆರು ತಿಂಗಳಿಗೆ ಮಾಡಿಸಬೇಕಾದ ನಿದ್ರಾ ಪರೀಕ್ಷೆಯ ತಾರೀಖು.